ಲೈಟ್ ಹಿಡಿಯುವ ಹುಡುಗನಿಗೆ ಈಗ ಕಲಿಸುವವರು ಯಾರು?

ಕಳೆದ ಬೇಸಿಗೆಯಲ್ಲಿ ಬಾಗಲಕೋಟೆಯ ನವನಗರದಲ್ಲಿ ನಮ್ಮ ಸಂಬಂಧಿಕರ ಮನೆಯ ಮದುವೆ. ಮುಹೂರ್ತ 12 ಗಂಟೆ 31 ನಿಮಿಷಕ್ಕೆ. ಫೋಟೊ ತೆಗೆಯುತ್ತಿದ್ದವನು ಇಪ್ಪತ್ತರ ಆಸುಪಾಸಿನ ಹುಡುಗ. ಕೈಯಲ್ಲಿದ್ದ ಮಿರರ್‌ಲೆಸ್ ಕ್ಯಾಮೆರಾ ಹೊಸದು, ಲೆನ್ಸ್ ಒಳ್ಳೆಯದು, ಓಡಾಟದಲ್ಲಿ ಚುರುಕು, ಹಿರಿಯರನ್ನು ಸರಿದು ನಿಲ್ಲಿ ಎಂದು ಕೇಳುವ ಮಾತಿನಲ್ಲೂ ವಿನಯವಿತ್ತು. ಮಂತ್ರ ನಡೆಯುವಾಗ ಕ್ಯಾಮೆರಾದ ಸದ್ದು ಕೇಳದಿರಲಿ ಎಂದು ಸೈಲೆಂಟ್ ಶಟರ್‌ಗೆ ಹಾಕಿಕೊಂಡಿದ್ದ. ಅಕ್ಷತೆ ಬಿತ್ತು, ವಾಲಗ ಮೊಳಗಿತು, ಅವನು ಒಂದೇ ಸಮನೆ ತೆಗೆಯುತ್ತ ಹೋದ.

ಸಂಜೆ ಅವನು ಲ್ಯಾಪ್‌ಟಾಪ್ ಹಿಡಿದುಕೊಂಡು ನನ್ನ ಬಳಿ ಬಂದ. ಅಕ್ಷತೆ ಬಿದ್ದ ಹೊತ್ತಿನ ಎಲ್ಲ ಚಿತ್ರಗಳ ಮೇಲೂ ಅಡ್ಡಡ್ಡ ಕಪ್ಪು ಪಟ್ಟೆಗಳು. ವಧುವಿನ ಹಣೆಯ ಮೇಲೊಂದು, ವರನ ಎದೆಯ ಮೇಲೊಂದು. "ಕಾಕಾ, ಕ್ಯಾಮೆರಾ ಕೆಟ್ಟಿದೆಯೇ?" ಎಂದು ಕೇಳಿದ. ಅವನ ದನಿ ನಡುಗುತ್ತಿತ್ತು. ಸಾಲ ಮಾಡಿ ತಂದ ಕ್ಯಾಮೆರಾ ಅದು.

ಕ್ಯಾಮೆರಾ ಕೆಟ್ಟಿರಲಿಲ್ಲ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು. ಅಗ್ಗದ ಎಲ್‌ಇಡಿ ದೀಪಗಳು ಅದರ ಏರಿಳಿತಕ್ಕೆ ತಕ್ಕಂತೆ ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಕಣ್ಣಿಗೆ ಅದು ಕಾಣುವುದಿಲ್ಲ. ಸೈಲೆಂಟ್ ಶಟರ್‌ನಲ್ಲಿ ಸೆನ್ಸರ್, ಅಂದರೆ ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಫಲಕ, ಚಿತ್ರವನ್ನು ಒಂದೇ ಏಟಿಗೆ ಓದುವುದಿಲ್ಲ, ಸಾಲುಸಾಲಾಗಿ ಓದುತ್ತದೆ. ದೀಪ ಮಂಕಾದ ಗಳಿಗೆಯಲ್ಲಿ ಓದಿದ ಸಾಲುಗಳು ಕಪ್ಪಾಗುತ್ತವೆ, ಬೆಳಗಿದ ಗಳಿಗೆಯಲ್ಲಿ ಓದಿದ ಸಾಲುಗಳು ಬಿಳುಪಾಗುತ್ತವೆ. ಶಟರ್ ವೇಗವನ್ನು, ಅಂದರೆ ಬೆಳಕು ಹಿಡಿಯುವ ಹೊತ್ತನ್ನು, 1/100 ಸೆಕೆಂಡಿಗೆ ಇಟ್ಟಿದ್ದರೆ ಪ್ರತಿ ಸಾಲಿಗೂ ಒಂದು ಪೂರ್ತಿ ಮಿಣುಕು ಸಿಗುತ್ತಿತ್ತು, 1/50ಕ್ಕೆ ಇಟ್ಟಿದ್ದರೆ ಎರಡು. ಪಟ್ಟೆಯ ಮಾತೇ ಬರುತ್ತಿರಲಿಲ್ಲ. ಸದ್ದಾದರೂ ಸರಿ ಎಂದು ಪರದೆ ತೆರೆದು ಮುಚ್ಚುವ ಮೆಕ್ಯಾನಿಕಲ್ ಶಟರ್‌ಗೆ ತಿರುಗಿಸಿದ್ದರೂ ಬಹುಪಾಲು ಚಿತ್ರಗಳು ಉಳಿಯುತ್ತಿದ್ದವು.

ಇದು ಐದು ನಿಮಿಷದ ಪಾಠ. ಆ ಹುಡುಗ ಒಂದು ತಿಂಗಳ ತರಬೇತಿ ಮುಗಿಸಿದ್ದಾನೆ, ಪ್ರಮಾಣಪತ್ರ ಪಡೆದಿದ್ದಾನೆ, ಮೊಬೈಲ್‌ನಲ್ಲಿ ನೂರಾರು ವಿಡಿಯೊ ನೋಡಿದ್ದಾನೆ, ಎರಡು ಸೀಸನ್ ಬೇರೆಯವರ ಕೈಕೆಳಗೆ ದುಡಿದಿದ್ದಾನೆ. ಆದರೂ ಆ ಐದು ನಿಮಿಷ ಅವನಿಗೆ ಯಾರಿಂದಲೂ ಸಿಕ್ಕಿರಲಿಲ್ಲ. ಅದು ಏಕೆ ಸಿಗಲಿಲ್ಲ ಎಂದು ಹುಡುಕುತ್ತ ಹೋದರೆ ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಸಾವಿರಾರು ಹುಡುಗರು ನೆಚ್ಚಿಕೊಂಡಿರುವ ಒಂದು ಕಸುಬಿನ ಸ್ಥಿತಿಯೇ ಕಣ್ಣಿಗೆ ಬೀಳುತ್ತದೆ.

ಡಾರ್ಕ್ ರೂಮ್ ಎಂಬ ಶಾಲೆ

ನಾನು ಈ ಕಸುಬು ಕಲಿತದ್ದು 1990ರ ದಶಕದಲ್ಲಿ, ಹಳೆ ಬಾಗಲಕೋಟೆಯ ಸ್ಟುಡಿಯೊ ಒಂದರಲ್ಲಿ. ಆ ಓಣಿಯ ಎಷ್ಟೋ ಮನೆಗಳು ಆಲಮಟ್ಟಿಯ ಹಿನ್ನೀರಿನ ಪಾಲಾದವು. ಅವುಗಳ ಅಂಗಳ, ಕಟ್ಟೆ, ತೊಲೆ ಈಗ ಉಳಿದಿರುವುದು ಆ ಕಾಲದ ಲಗ್ನದ ಆಲ್ಬಮ್‌ಗಳಲ್ಲಿ ಮಾತ್ರ.

ಮೊದಲ ಆರು ತಿಂಗಳು ಕ್ಯಾಮೆರಾ ಮುಟ್ಟಲು ಬಿಡಲಿಲ್ಲ. ಬೆಳಿಗ್ಗೆ ಕಸ ಹೊಡೆಯುವುದು, ಪರದೆ ಜಾಡಿಸುವುದು, ನಂತರ ಕೆಂಪು ಬಲ್ಬಿನ ಕೋಣೆ. ಡೆವಲಪರ್ ತಟ್ಟೆಯಲ್ಲಿ ಬ್ರೋಮೈಡ್ ಪೇಪರ್ ಅದ್ದಿ ಅಲುಗಾಡಿಸುತ್ತ ನಿಂತರೆ ಖಾಲಿ ಹಾಳೆಯ ಮೇಲೆ ಮೊದಲು ಹುಬ್ಬು, ಆಮೇಲೆ ಮೀಸೆ, ಆಮೇಲೆ ಮುಖ ಮೂಡುತ್ತಿತ್ತು. ಯಾವಾಗ ಎತ್ತಬೇಕು ಎಂಬುದು ಗಡಿಯಾರಕ್ಕಿಂತ ಹೆಚ್ಚಾಗಿ ಕಣ್ಣಿಗೆ ಗೊತ್ತಾಗಬೇಕು. ಅಲ್ಲಿಂದ ಚಿತ್ರವನ್ನು ಗಟ್ಟಿ ನಿಲ್ಲಿಸುವ ಹೈಪೊ ದ್ರಾವಣ, ಅಲ್ಲಿಂದ ನೀರು, ಅಲ್ಲಿಂದ ಒಣಹಾಕುವುದು. ನೆಗೆಟಿವ್ ಮೇಲೆ ಸೀಸದ ಕಡ್ಡಿ ಆಡಿಸಿ ಮುಖದ ಕಲೆ ಮರೆಸುವ ಕೆಲಸ ಬರಲು ಇನ್ನೂ ಒಂದು ವರ್ಷ. ಆಮೇಲೆ ಪಾಸ್‌ಪೋರ್ಟ್ ಅಳತೆಯ ಫೋಟೊ, ಆಮೇಲೆ ಶಾಲೆಯ ಗ್ರೂಪ್ ಫೋಟೊ. ಲಗ್ನಕ್ಕೆ ಹೋದರೂ ಮೊದಲು ಲೈಟ್ ಹಿಡಿಯುವ ಹುಡುಗನಾಗಿಯೇ.

ಲೈಟ್ ಹಿಡಿಯುವುದೆಂದರೆ ಸುಮ್ಮನೆ ನಿಲ್ಲುವುದಲ್ಲ. ಬಾಸಿಂಗ ಕಟ್ಟಿದ ಹಣೆಯ ಮೇಲೆ ಲೈಟನ್ನು ತೀರ ಮೇಲಿಂದ ಬಿಟ್ಟರೆ ಬಾಸಿಂಗದ ನೆರಳು ಎರಡೂ ಕಣ್ಣುಗಳನ್ನು ನುಂಗುತ್ತದೆ. ಎದೆಮಟ್ಟಕ್ಕೆ ಇಳಿಸಿ ಒಂದಿಷ್ಟು ಬದಿಗೆ ಸರಿದರೆ ಕಣ್ಣು ತೆರೆದುಕೊಳ್ಳುತ್ತದೆ. ಮಾಸ್ತರರು ಇದನ್ನು ಬಾಯಿಂದ ಹೇಳಲಿಲ್ಲ, ಮೊಣಕೈ ಹಿಡಿದು ಕೆಳಗೆ ಎಳೆದರು. ಮೂರನೆಯ ಲಗ್ನದ ಹೊತ್ತಿಗೆ ಕೈ ತಾನೇ ಇಳಿಯತೊಡಗಿತು. ರೋಲ್‌ನಲ್ಲಿ 36 ಚಿತ್ರಗಳು ಮಾತ್ರ. ಒಂದು ಕೆಟ್ಟರೆ ಮಾಸ್ತರರಿಗೆ ನಷ್ಟ. ಕಲರ್ ರೋಲ್ ಹುಬ್ಬಳ್ಳಿಯ ಲ್ಯಾಬಿಗೆ ಹೋಗಿ ಬರಲು ಎರಡು ಮೂರು ದಿನ. ತಪ್ಪು ಗೊತ್ತಾಗುವುದು ತಡವಾಗುತ್ತಿತ್ತು, ಆದರೆ ಗೊತ್ತಾದಾಗ ಪಕ್ಕದಲ್ಲಿ ಮಾಸ್ತರರು ಇರುತ್ತಿದ್ದರು.

ಆ ಕಾಲವನ್ನು ಹೊಗಳಲು ಇದನ್ನು ಬರೆಯುತ್ತಿಲ್ಲ. ಸಂಬಳವಿಲ್ಲದೆ ವರ್ಷಗಟ್ಟಲೆ ದುಡಿಸಿಕೊಂಡವರಿದ್ದರು, ಬೈಗುಳ ಮತ್ತು ಏಟು ಇದ್ದವು. ಜಾತಿ ನೋಡಿ ಒಳಗೆ ಬಿಟ್ಟುಕೊಂಡವರೂ ಇದ್ದರು, ಹೆಣ್ಣುಮಕ್ಕಳಿಗಂತೂ ಆ ಬಾಗಿಲು ತೆರೆದದ್ದೇ ಇಲ್ಲ. ಆದರೆ ಆ ವ್ಯವಸ್ಥೆಯ ಕೇಂದ್ರದಲ್ಲಿ ಇದ್ದ ಒಂದು ಲೆಕ್ಕಾಚಾರವನ್ನು ಅರ್ಥ ಮಾಡಿಕೊಳ್ಳಬೇಕು. ಏನೂ ಬರದ ಹುಡುಗನಿಗೂ ಸ್ಟುಡಿಯೊದಲ್ಲಿ ಉಪಯುಕ್ತವಾದ ಕೆಲಸ ಇತ್ತು. ಅವನು ತೊಳೆದು ಒಣಗಿಸಿದ ಪ್ರಿಂಟಿನಿಂದ ಮಾಸ್ತರರಿಗೆ ದುಡ್ಡು ಬರುತ್ತಿತ್ತು. ಹೀಗಾಗಿ ಅವನನ್ನು ಮೂರು ವರ್ಷ ಇಟ್ಟುಕೊಂಡು ಕಲಿಸುವುದು ಮಾಸ್ತರರಿಗೆ ಹೊರೆಯಾಗಿರಲಿಲ್ಲ.

ಲೆಕ್ಕ ತಪ್ಪಿದ್ದು ಎಲ್ಲಿ

ಡಿಜಿಟಲ್ ಬಂದಾಗ ಹೋದದ್ದು ರೋಲ್ ಒಂದೇ ಅಲ್ಲ. ಡಾರ್ಕ್ ರೂಮ್ ಹೋಯಿತು, ಅದರೊಂದಿಗೆ ಹೊಸಬನು ಮಾಡಬಹುದಾಗಿದ್ದ ಸಣ್ಣ ಕೆಲಸಗಳೆಲ್ಲ ಹೋದವು. ನಂತರ ವರ್ಷವಿಡೀ ಸ್ಟುಡಿಯೊದ ಬಾಗಿಲು ತೆರೆದಿಡುತ್ತಿದ್ದ ಚಿಲ್ಲರೆ ಆದಾಯವೂ ಹೋಯಿತು. ಮೊದಲು ಅರ್ಜಿ ಎಂದರೆ ಫೋಟೊ, ಫೋಟೊ ಎಂದರೆ ಸ್ಟುಡಿಯೊ. 2010ರಿಂದ ಆಧಾರ್ ನೋಂದಣಿ ಕೇಂದ್ರದಲ್ಲೇ ಮುಖದ ಚಿತ್ರ ತೆಗೆಯತೊಡಗಿದರು. ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲೂ ಕೌಂಟರಿನಲ್ಲೇ ಫೋಟೊ. ಉಳಿದದ್ದನ್ನು ಝೆರಾಕ್ಸ್ ಅಂಗಡಿಯವರು ಮೊಬೈಲ್‌ನಿಂದಲೇ ತೆಗೆದು ಎಂಟು ಪ್ರತಿ ಕತ್ತರಿಸಿ ಕೊಡುತ್ತಾರೆ.

ಹೀಗೆ ಸ್ಟುಡಿಯೊ ಸೀಸನ್ ಕಸುಬಾಯಿತು. ನಮ್ಮ ಕಡೆ ಯುಗಾದಿಯ ನಂತರ ಬಸವ ಜಯಂತಿಯ ಆಚೀಚೆ ಮದುವೆಗಳು ಜೋರು. ಆಷಾಢ ಬಂತೆಂದರೆ ಖಾಲಿ, ತುಳಸಿ ಲಗ್ನದ ನಂತರ ಮತ್ತೆ ಕೆಲವು ವಾರಗಳ ಓಡಾಟ, ಧನುರ್ಮಾಸಕ್ಕೆ ಮತ್ತೆ ಬಾಗಿಲು. ಇಂತಹ ಕಸುಬಿನಲ್ಲಿ ತಿಂಗಳ ಸಂಬಳಕ್ಕೆ ಹುಡುಗನನ್ನು ಇಟ್ಟುಕೊಳ್ಳುವ ಶಕ್ತಿ ಯಾರಿಗೂ ಇಲ್ಲ. ಒಂದೇ ಮುಹೂರ್ತಕ್ಕೆ ನಾಲ್ಕು ಲಗ್ನ ಒಪ್ಪಿಕೊಂಡ ಸ್ಟುಡಿಯೊದವನು ದಿನದ ಲೆಕ್ಕಕ್ಕೆ ಹುಡುಗರನ್ನು ಕರೆಯುತ್ತಾನೆ. ಸಹಜ ಕ್ಷಣಗಳನ್ನು ಹಿಡಿಯಲು ಒಬ್ಬ ಕ್ಯಾಂಡಿಡ್, ನಿಲ್ಲಿಸಿ ತೆಗೆಯಲು ಒಬ್ಬ ಟ್ರೆಡಿಷನಲ್, ಒಬ್ಬ ವಿಡಿಯೊ, ಒಬ್ಬ ಡ್ರೋನ್. ಕಾರ್ಡ್ ಕೊಟ್ಟು ಕೂಲಿ ಇಸಿದುಕೊಂಡು ಹೋದರೆ ಮುಗಿಯಿತು. ತಾನು ತೆಗೆದ ಚಿತ್ರ ಆಲ್ಬಮ್‌ನಲ್ಲಿ ಹೇಗೆ ಬಂತು, ಯಾವುದನ್ನು ಬಿಟ್ಟರು, ಏಕೆ ಬಿಟ್ಟರು ಎಂಬುದು ಅವನಿಗೆ ತಿಳಿಯುವುದೇ ಇಲ್ಲ. ಮಿಕ್ಸಿಂಗ್ ಮಾಡುವವನು ಬೇರೆ ಊರಿನಲ್ಲಿ, ಆಲ್ಬಮ್ ಡಿಸೈನ್ ಮಾಡುವವನು ಇನ್ನೊಂದು ಊರಿನಲ್ಲಿ. ತಪ್ಪು ಮಾಡಿದವನಿಗೂ ಆ ತಪ್ಪಿಗೂ ಭೇಟಿಯೇ ಆಗದಿದ್ದರೆ ಕಲಿಯುವುದು ಎಲ್ಲಿಂದ ಬಂತು?

ಇದಕ್ಕೆ ಇನ್ನೊಂದು ಮುಖವಿದೆ, ಅದನ್ನು ಹಿರಿಯರು ಬಾಯಿಬಿಟ್ಟು ಹೇಳುವುದಿಲ್ಲ. ಈ ವರ್ಷ ಕಲಿಸಿದ ಹುಡುಗ ಮುಂದಿನ ಸೀಸನ್‌ಗೆ ಕಂತಿನಲ್ಲಿ ಕ್ಯಾಮೆರಾ ತಂದು ಅದೇ ಓಣಿಯಲ್ಲಿ ಅರ್ಧ ದರಕ್ಕೆ ಆರ್ಡರ್ ಹಿಡಿಯುತ್ತಾನೆ. ಮೊದಲು ಸ್ಟುಡಿಯೊ ಹಾಕಲು ಜಾಗ, ಡಾರ್ಕ್ ರೂಮ್, ನೆಗೆಟಿವ್ ಅನ್ನು ದೊಡ್ಡದು ಮಾಡಿ ಪ್ರಿಂಟ್ ತೆಗೆಯುವ ಎನ್‌ಲಾರ್ಜರ್ ಎಲ್ಲ ಬೇಕಿತ್ತು, ಅದಕ್ಕೆ ವರ್ಷಗಳೇ ಹಿಡಿಯುತ್ತಿದ್ದವು. ಈಗ ಒಂದು ಬ್ಯಾಗು ಸಾಕು. ಹಾಗಾಗಿ ಹಿರಿಯನು ಕೆಲಸ ಹೇಳುತ್ತಾನೆ, ಮರ್ಮ ಹೇಳುವುದಿಲ್ಲ. "1/50ಕ್ಕೆ ಇಡು" ಎನ್ನುತ್ತಾನೆ, ಏಕೆ ಎಂದು ಹೇಳುವುದಿಲ್ಲ. ಹುಡುಗನು ಆ ಅಂಕಿಯನ್ನು ಕಂಠಪಾಠ ಮಾಡುತ್ತಾನೆ, ಒಂದು ದಿನ ಓಡುವ ಮಗುವನ್ನು ಹಿಡಿಯಲು ವೇಗ ಏರಿಸುತ್ತಾನೆ, ಪಟ್ಟೆ ಬರುತ್ತದೆ. ನಾನು ಇದರಲ್ಲಿ ಹಿರಿಯನನ್ನು ದೂರಲಾರೆ. ಹೊಟ್ಟೆಪಾಡಿನ ಎದುರು ಔದಾರ್ಯವನ್ನು ನಿರೀಕ್ಷಿಸುವುದು ಅನ್ಯಾಯ.

ಸರ್ಕಾರದ ಬಳಿ ಏನಿದೆ

ಏನೂ ಇಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಬ್ಯಾಂಕುಗಳು ಜಿಲ್ಲೆ ಜಿಲ್ಲೆಗಳಲ್ಲಿ ನಡೆಸುವ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳ ಪಟ್ಟಿಯಲ್ಲಿ ಫೋಟೊಗ್ರಫಿ ಮತ್ತು ವಿಡಿಯೊಗ್ರಫಿಗೆ 30 ದಿನಗಳ ಕೋರ್ಸ್ ಇದೆ. ಈ ಮಾದರಿ ಹುಟ್ಟಿದ್ದೇ ಕರ್ನಾಟಕದಲ್ಲಿ, 1982ರಲ್ಲಿ ಉಜಿರೆಯ ರುಡ್‌ಸೆಟ್ ಸಂಸ್ಥೆಯಿಂದ. ವಿಜಯಪುರದಲ್ಲೂ ರುಡ್‌ಸೆಟ್ ಸಂಸ್ಥೆ ಇದೆ. ಶುಲ್ಕವಿಲ್ಲ, ಊಟ ವಸತಿ ಅವರದೇ, ತರಬೇತಿಯ ನಂತರ ಎರಡು ವರ್ಷ ವಿಚಾರಿಸಿಕೊಳ್ಳುವ ನಿಯಮವೂ ಇದೆ. ಹಳ್ಳಿಯ ಬಡ ಹುಡುಗನಿಗೆ ಮೊದಲ ಬಾರಿ ಕ್ಯಾಮೆರಾ ಕೈಗೆ ಸಿಗುವುದು ಎಷ್ಟೋ ಸಲ ಅಲ್ಲೇ. ಆ ಉಪಕಾರವನ್ನು ಸಣ್ಣದು ಮಾಡಬಾರದು. ಆದರೆ 30 ದಿನಗಳಲ್ಲಿ ಕ್ಯಾಮೆರಾದ ಗುಂಡಿಗಳು, ಎಡಿಟಿಂಗ್, ಆಲ್ಬಮ್, ಬ್ಯಾಂಕ್ ಸಾಲದ ಅರ್ಜಿ, ವ್ಯವಹಾರದ ಮಾತು ಎಲ್ಲ ಮುಗಿಯಬೇಕು. ಅಷ್ಟರಲ್ಲಿ ಕೈ ಪಳಗುವುದಿಲ್ಲ, ಪಳಗಲು ಸಾಧ್ಯವೂ ಇಲ್ಲ.

ಐಟಿಐಗಳ ರಾಷ್ಟ್ರೀಯ ಪಠ್ಯಕ್ರಮದಲ್ಲಿ ಡಿಜಿಟಲ್ ಫೋಟೊಗ್ರಾಫರ್ ಎಂಬ ಒಂದು ವರ್ಷದ ಟ್ರೇಡ್ ಇದೆ, ಹತ್ತನೆಯ ತರಗತಿ ಪಾಸಾದವರಿಗೆ. ನಮ್ಮ ಕಡೆ ಐಟಿಐ ಎಂದರೆ ತಂದೆತಾಯಿಯ ಬಾಯಲ್ಲಿ ಬರುವುದು ಫಿಟ್ಟರ್, ಎಲೆಕ್ಟ್ರಿಷಿಯನ್ ಎಂಬ ಎರಡೇ ಹೆಸರು. ಇದಲ್ಲದೆ 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಡಿ ಈಗಾಗಲೇ ಕಸುಬು ಬಲ್ಲವರನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ದಾರಿಯೂ ಇದೆ. ಇನ್ನು ದೊಡ್ಡ ವಿದ್ಯೆ ಬೇಕೆಂದರೆ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ಟಿವಿ ಸಂಸ್ಥೆ. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ವಿ. ಕೆ. ಮೂರ್ತಿ ಅವರು ಕಲಿತದ್ದು ಅದೇ ಪರಂಪರೆಯಲ್ಲಿ, 1940ರ ದಶಕದ ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ. ಆದರೆ ಇಂಡಿ, ಹುನಗುಂದದ ಹುಡುಗನಿಗೆ ಅದು ಒಂದು ರಾತ್ರಿಯ ಪ್ರಯಾಣದಾಚೆಯ ಮಾತು. ಕ್ಯಾಮೆರಾ ಕಂಪನಿಗಳು ಹೋಟೆಲ್ ಹಾಲ್‌ಗಳಲ್ಲಿ ಏರ್ಪಡಿಸುವ ಒಂದು ದಿನದ ಶಿಬಿರಗಳಲ್ಲಿ ಕಲಿಸುವುದು ಹೊಸ ಮಾಡೆಲ್‌ನ ಹೆಚ್ಚುಗಾರಿಕೆಯನ್ನು.

ಈ ನೆಲಕ್ಕೆ ಕ್ಯಾಮೆರಾ ಬಂದದ್ದು ಹೇಗೆ ಎಂದು ನೆನೆಸಿಕೊಂಡರೆ ಒಂದು ವಿಷಯ ಹೊಳೆಯುತ್ತದೆ. 1855ರಲ್ಲಿ ಬೊಂಬಾಯಿ ಪ್ರಾಂತದ ಸರ್ಕಾರ ಥಾಮಸ್ ಬಿಗ್ಸ್ ಎಂಬ ಸೈನ್ಯಾಧಿಕಾರಿಯನ್ನು ಕಟ್ಟಡಗಳ ಚಿತ್ರ ತೆಗೆಯಲೆಂದೇ ನೇಮಿಸಿತು. ಅವನು ಬಿಜಾಪುರದ ಗುಮ್ಮಟಗಳು, ಬಾದಾಮಿ, ಐಹೊಳೆಯ ಗುಡಿಗಳನ್ನು ಕಾಗದದ ನೆಗೆಟಿವ್ ಮೇಲೆ ಹಿಡಿದ. ಅದೇ ದಶಕದಲ್ಲಿ ಬೊಂಬಾಯಿಯ ಎಲ್ಫಿನ್‌ಸ್ಟನ್ ಸಂಸ್ಥೆಯಲ್ಲಿ, ಮದ್ರಾಸಿನ ಕಲಾಶಾಲೆಯಲ್ಲಿ ಛಾಯಾಚಿತ್ರಣದ ತರಗತಿಗಳು ನಡೆದವು. ಆಳುವವರಿಗೆ ಚಿತ್ರ ಬೇಕಿತ್ತು, ಆದ್ದರಿಂದ ಕಲಿಸಲು ದುಡ್ಡು ಹಾಕಿದರು. ಚಿತ್ರದ ಅಗತ್ಯ ಇಂದು ಅದಕ್ಕಿಂತ ನೂರು ಪಟ್ಟು ಹೆಚ್ಚಿದೆ. ಕಲಿಸುವ ಖರ್ಚನ್ನು ಮಾತ್ರ ಕಲಿಯುವವನ ಹೆಗಲಿಗೆ ಬಿಟ್ಟಿದ್ದೇವೆ.

ಕೊರತೆ ಇರುವುದು ಮೊದಲ ತಿಂಗಳಲ್ಲಿ ಅಲ್ಲ, ಅದರ ನಂತರದ ಎರಡು ವರ್ಷಗಳಲ್ಲಿ ಎಂಬುದು ನನ್ನ ವಾದ. ಗುಂಡಿ ಒತ್ತಲು ಬಂದವನು ಕಸುಬುದಾರನಾಗಲು ಬಲ್ಲವರ ಪಕ್ಕದಲ್ಲಿ ನಿಂತು, ಕೂಲಿ ಪಡೆಯುತ್ತ, ತಪ್ಪು ಮಾಡುತ್ತ ಕಳೆಯಬೇಕಾದ ಕಾಲ ಅದು. ಅದಕ್ಕೆ ದೇಶದಲ್ಲಿ ಕಾನೂನು ಇದೆ, 1961ರ ಅಪ್ರೆಂಟಿಸ್ ಕಾಯ್ದೆ. ಅಪ್ರೆಂಟಿಸ್‌ಗೆ ಕೊಡುವ ಭತ್ಯೆಯಲ್ಲಿ ಕಾಲು ಭಾಗವನ್ನು, ತಿಂಗಳಿಗೆ 1,500 ರೂಪಾಯಿವರೆಗೆ, ಕೇಂದ್ರ ಸರ್ಕಾರ ಭರಿಸುವ ಯೋಜನೆಯೂ ಇದೆ. ಆದರೆ 2019ರ ನಿಯಮದ ಪ್ರಕಾರ ಕನಿಷ್ಠ ನಾಲ್ಕು ಜನ ಕೆಲಸಗಾರರಿರುವ ಸಂಸ್ಥೆ ಮಾತ್ರ ಅಪ್ರೆಂಟಿಸ್ ಇಟ್ಟುಕೊಳ್ಳಬಹುದು. ಮುಧೋಳದ, ತಾಳಿಕೋಟೆಯ, ಗೋಕಾಕದ ಸಾಮಾನ್ಯ ಸ್ಟುಡಿಯೊದಲ್ಲಿ ಇರುವವರು ಮಾಲೀಕ ಮತ್ತು ಅವನ ತಮ್ಮ. ಕಾನೂನಿನ ಬಾಗಿಲು ಅಲ್ಲಿಗೇ ಮುಚ್ಚಿತು.

2023ರ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಹೊಲಿಗೆಯವರಿದ್ದಾರೆ, ಕ್ಷೌರಿಕರಿದ್ದಾರೆ, ಕುಂಬಾರರಿದ್ದಾರೆ; ಫೋಟೊಗ್ರಾಫರ್ ಇಲ್ಲ. ಅದು ಪಾರಂಪರಿಕ ಕಸುಬುಗಳ ಪಟ್ಟಿ, ಸರಿ. ಆದರೆ ಕೈಗಾರಿಕೆಯ ಪಟ್ಟಿಗೂ ಸೇರದ, ಕುಶಲಕರ್ಮಿಯ ಪಟ್ಟಿಗೂ ಸೇರದ ಈ ಕಸುಬು ನಡುವೆ ಉಳಿದುಬಿಟ್ಟಿದೆ.

ಲಗ್ನದಾಚೆಯ ಕೆಲಸ

ಮೊಬೈಲ್ ಇರುವಾಗ, ಕೃತಕ ಬುದ್ಧಿಮತ್ತೆ ಬಂದಿರುವಾಗ ಈ ಕಸುಬನ್ನು ಕಲಿಸುವುದೇ ವ್ಯರ್ಥವಲ್ಲವೇ ಎಂದು ಕೇಳುವವರಿದ್ದಾರೆ. ಸಾವಿರ ಚಿತ್ರಗಳಲ್ಲಿ ಕಣ್ಣು ಮುಚ್ಚಿದವುಗಳನ್ನು ಬೇರ್ಪಡಿಸುವುದು, ಬಣ್ಣ ತಿದ್ದುವುದು, ಆಲ್ಬಮ್ ಪುಟ ಜೋಡಿಸುವುದು ಈಗ ಯಂತ್ರದಿಂದ ಆಗುತ್ತಿದೆ, ಇನ್ನೂ ಆಗಲಿದೆ. ಎಡಿಟಿಂಗ್ ಒಂದನ್ನೇ ನಂಬಿದವರಿಗೆ ಅದು ನಿಜವಾದ ಆತಂಕ. ಆದರೆ ಯಂತ್ರಕ್ಕೆ ಮೊದಲು ನಡೆದದ್ದರ ಚಿತ್ರ ಬೇಕು. ಆ ಚಿತ್ರವನ್ನು ಕೇಳುವವರು ನಮ್ಮ ಜಿಲ್ಲೆಗಳಲ್ಲಿ ಹೆಚ್ಚುತ್ತಿದ್ದಾರೆ, ಮತ್ತು ಅವರು ಲಗ್ನದ ಮನೆಯವರಲ್ಲ.

ಇಳಕಲ್ಲಿಗೆ ಹೋಗಿ ನೋಡಿ. ನೇಕಾರರ ಮಕ್ಕಳು ಸೀರೆಯ ಫೋಟೊಗಳನ್ನು ವಾಟ್ಸ್‌ಆ್ಯಪ್‌ನಲ್ಲಿ, ಆನ್‌ಲೈನ್ ಅಂಗಡಿಗಳಲ್ಲಿ ಹಾಕಿ ಮಾರುತ್ತಿದ್ದಾರೆ. ಸೀರೆಯ ಹೆಸರು ನಿಂತಿರುವುದು ಟೋಪ ತೆನಿ ಸೆರಗಿನ ಮೇಲೆ. ಕಡುಗೆಂಪಿನ ಮೇಲೆ ಬಿಳಿಯ ತೆನೆಗಳು. ಮತ್ತೊಂದು ಹೆಗ್ಗಳಿಕೆ ಕೊಂಡಿ, ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುವ ಕೆಲಸ. ಮೊಬೈಲ್‌ನಲ್ಲಿ ತೆಗೆದ ಹತ್ತರಲ್ಲಿ ಎಂಟು ಚಿತ್ರಗಳಲ್ಲಿ ಇವೆರಡೂ ಕಾಣುವುದಿಲ್ಲ. ಸೆರಗು ಕೆಂಪು ಬಣ್ಣ ಬಳಿದ ತಗಡಿನಂತೆ ಕಾಣುತ್ತದೆ.

ಕಾರಣ ಇಷ್ಟೇ. ಡಿಜಿಟಲ್ ಚಿತ್ರದಲ್ಲಿ ಕೆಂಪು, ಹಸಿರು, ನೀಲಿ ಎಂಬ ಮೂರು ಲೆಕ್ಕಗಳಿವೆ, ಜೆಪೆಗ್ ಕಡತದಲ್ಲಿ ಒಂದೊಂದಕ್ಕೂ 0ಯಿಂದ 255ರವರೆಗೆ ಮೆಟ್ಟಿಲುಗಳು. ಕಡುಗೆಂಪು ಬಟ್ಟೆಯಲ್ಲಿ ಹಸಿರು, ನೀಲಿ ಕೆಳಗೇ ಇರುತ್ತವೆ. ಒಟ್ಟು ಬೆಳಕು ಸರಿಯಾಗಿದೆ ಎಂದು ಮೀಟರ್ ಹೇಳುತ್ತದೆ. ಅಷ್ಟರಲ್ಲಿ ಕೆಂಪು ಮಾತ್ರ 255ಕ್ಕೆ ಮುಟ್ಟಿ ನಿಂತಿರುತ್ತದೆ. ಎಳೆ ಮತ್ತು ಎಳೆಯ ನಡುವಿನ ಸಂದು ಎರಡಕ್ಕೂ ಅದೇ 255 ಸಿಕ್ಕಿದರೆ ನೇಯ್ಗೆ ಕಾಣುವುದು ಹೇಗೆ? ಬಲ್ಲವನು ಮೂರೂ ಬಣ್ಣಗಳ ಹಿಸ್ಟೊಗ್ರಾಮ್, ಅಂದರೆ ಆ ಮೆಟ್ಟಿಲುಗಳ ನಕ್ಷೆ, ಬೇರೆ ಬೇರೆಯಾಗಿ ನೋಡುತ್ತಾನೆ, ಎಕ್ಸ್‌ಪೋಷರ್ ಅನ್ನು, ಅಂದರೆ ಒಳಗೆ ಬಿಡುವ ಬೆಳಕನ್ನು, ಮುಕ್ಕಾಲು ಸ್ಟಾಪ್ ಇಳಿಸುತ್ತಾನೆ, ಎದುರಿನ ಫ್ಲ್ಯಾಶ್ ಬಿಟ್ಟು ಸೀರೆಯನ್ನು ಕಿಟಕಿಯ ಬದಿಯ ಬೆಳಕಿಗೆ ಹಾಸುತ್ತಾನೆ. ಬದಿಯಿಂದ ಬಂದ ಬೆಳಕು ಕೊಂಡಿಯ ಸಾಲಿಗೆ ತೆಳ್ಳನೆಯ ನೆರಳು ಕೊಡುತ್ತದೆ. ಆಗ ಕೈಮಗ್ಗದ ಸೀರೆಗೂ ಮಿಲ್ಲಿನ ನಕಲಿಗೂ ಇರುವ ವ್ಯತ್ಯಾಸ ದೂರದ ಕೊಳ್ಳುವವಳಿಗೆ ಪರದೆಯ ಮೇಲೇ ಕಾಣುತ್ತದೆ. ಬಣ್ಣ ಬೇರೆಯಿತ್ತು ಎಂದು ವಾಪಸು ಬರುವ ಸೀರೆಗಳೂ ಕಡಿಮೆಯಾಗುತ್ತವೆ. ಗುಳೇದಗುಡ್ಡದ ಖಣಕ್ಕೆ, ರಬಕವಿ-ಬನಹಟ್ಟಿಯ ಸೀರೆಗೆ, ವಿಜಯಪುರದ ಒಣದ್ರಾಕ್ಷಿಗೆ, ಬೆಳಗಾವಿಯ ಫೌಂಡ್ರಿಗಳ ಬಿಡಿಭಾಗಗಳಿಗೆ ಇಂತಹದೇ ಬೇರೆ ಬೇರೆ ಪಾಠಗಳಿವೆ. ಇವು ವರ್ಷವಿಡೀ ಇರುವ ಕೆಲಸಗಳು, ಆಷಾಢದ ಹಂಗಿಲ್ಲದವು. ಜಿಲ್ಲೆಯ ಯಾವ ತರಬೇತಿಯಾದರೂ ಮೊದಲು ಕಲಿಸಬೇಕಾದದ್ದು ಇದನ್ನು ಎಂದು ನನಗೆ ಅನಿಸುತ್ತದೆ.

ಇನ್ನೊಂದು ದಿಕ್ಕು ಪೊಲೀಸ್ ಠಾಣೆ ಮತ್ತು ನ್ಯಾಯಾಲಯದ್ದು. ಪಂಚನಾಮೆಗೆ, ಅಪಘಾತದ ಸ್ಥಳಕ್ಕೆ ಊರಿನ ಫೋಟೊಗ್ರಾಫರ್‌ನನ್ನು ಕರೆಸುವ ರೂಢಿ ಹಳೆಯದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಸೆಕ್ಷನ್ ಪ್ರಕಾರ ಶೋಧ ಮತ್ತು ಜಪ್ತಿಯ ದೃಶ್ಯ-ಧ್ವನಿ ಮುದ್ರಣ ಕಡ್ಡಾಯ. ಪೊಲೀಸರು ಅದನ್ನು ಬಹುಮಟ್ಟಿಗೆ ತಮ್ಮ ಮೊಬೈಲ್‌ನಲ್ಲೇ ಮಾಡುತ್ತಾರೆ. ಆದರೆ ಖಾಸಗಿಯವನು ತೆಗೆದ ಚಿತ್ರ ಸಾಕ್ಷ್ಯವಾಗಿ ಹೋಗುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್‌ನ ಪ್ರಮಾಣಪತ್ರ ಬೇಕು. ಅದರಲ್ಲಿ ಕಡತದ ಹ್ಯಾಶ್ ಮೌಲ್ಯ ನಮೂದಿಸಬೇಕು. ಹ್ಯಾಶ್ ಎಂದರೆ ಕಡತದ ಬೆರಳಚ್ಚು. ಒಳಗೆ ಒಂದು ಚುಕ್ಕೆ ಬದಲಾದರೂ ಅದು ಪೂರ್ತಿ ಬದಲಾಗುತ್ತದೆ. ಚೆನ್ನಾಗಿ ಕಾಣಲಿ ಎಂದು ಬಣ್ಣ ತಿದ್ದಿ, ಮೂಲ ಕಡತ ಅಳಿಸಿ, ತಿದ್ದಿದ್ದನ್ನು ಮಾತ್ರ ಕೊಡುವುದು ಲಗ್ನದ ಕೆಲಸದಲ್ಲಿ ಅಭ್ಯಾಸ. ಸಾಕ್ಷ್ಯದ ಕೆಲಸದಲ್ಲಿ ಆ ಅಭ್ಯಾಸವೇ ಮುಳುವಾಗಬಹುದು. ಮೂಲ ಕಾರ್ಡ್ ಮುಟ್ಟದೆ ಇಡು, ಪ್ರತಿ ಮಾಡು, ಹ್ಯಾಶ್ ಬರೆದುಕೋ ಎಂಬ ಮೂರು ಮಾತು ಹೇಳಿಕೊಡಲು ಅರ್ಧ ದಿನ ಸಾಕು.

ಡ್ರೋನ್ ವಿಷಯ ಹೆಚ್ಚು ಚರ್ಚೆಯಾಗಿದೆ, ಚುಟುಕಾಗಿ ಹೇಳುತ್ತೇನೆ. 2021ರ ಆಗಸ್ಟ್‌ನ ನಿಯಮಗಳಂತೆ 250 ಗ್ರಾಂಗಿಂತ ಹೆಚ್ಚು ತೂಕದ ಡ್ರೋನನ್ನು ದುಡಿಮೆಗೆ ಹಾರಿಸುವವರಿಗೆ ಮಾನ್ಯತೆ ಪಡೆದ ಕೇಂದ್ರದ ತರಬೇತಿ ಮತ್ತು ಪ್ರಮಾಣಪತ್ರ ಬೇಕು. ತಪ್ಪಿದರೆ ದಂಡ 1 ಲಕ್ಷ ರೂಪಾಯಿವರೆಗೆ ಹೋಗಬಹುದು. ಬಾದಾಮಿಯ ಬಂಡೆಗಳ ನಡುವೆ ಪ್ರೀ-ವೆಡ್ಡಿಂಗ್ ಮಾಡಲು ಹೊರಟ ಹುಡುಗರಿಗೆ ಸಂರಕ್ಷಿತ ಸ್ಮಾರಕಗಳಲ್ಲಿ ಅನುಮತಿಯಿಲ್ಲದೆ ಡ್ರೋನ್ ಹಾರಿಸುವಂತಿಲ್ಲ ಎಂದು ಗೊತ್ತಾಗುವುದು ಕಾವಲುಗಾರ ತಡೆದಾಗ.

ಕೃತಿಸ್ವಾಮ್ಯದ ಬಗ್ಗೆ ಮಾತ್ರ ಒಂದಿಷ್ಟು ನಿಂತು ಹೇಳಬೇಕು, ಏಕೆಂದರೆ ಹಿರಿಯ ಫೋಟೊಗ್ರಾಫರ್‌ಗಳೂ ಇಲ್ಲಿ ತಪ್ಪು ತಿಳಿದಿದ್ದಾರೆ. ತೆಗೆದವನೇ ಚಿತ್ರದ ಒಡೆಯ ಎಂಬುದು ಎಲ್ಲರ ನಂಬಿಕೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಒಬ್ಬರು ಹಣ ಕೊಟ್ಟು ಹೇಳಿ ತೆಗೆಸಿದ ಫೋಟೊಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ ಮೊದಲ ಒಡೆಯರು. ಅಂದರೆ ವಧುವಿನ ಚಿತ್ರವನ್ನು ಸ್ಟುಡಿಯೊದ ಜಾಹೀರಾತಿಗೆ ಹಾಕಬೇಕಾದರೆ ಆ ಮನೆಯವರ ಒಪ್ಪಿಗೆ ಬರಹದಲ್ಲಿ ಬೇಕು. ಅದು ಕಾನೂನಿನ ಮಾತಾಯಿತು. ಒಬ್ಬ ಹೆಣ್ಣುಮಗಳ ಮುಖ ಊರಿನ ಎಲ್ಲ ಮೊಬೈಲ್‌ಗಳಲ್ಲಿ ತಿರುಗಾಡುವ ಮೊದಲು ಅವಳನ್ನು ಕೇಳುವುದು ಕಾನೂನು ಇಲ್ಲದಿದ್ದರೂ ಮಾಡಬೇಕಾದ ಕೆಲಸ. ಆರ್ಡರ್ ಫಾರ್ಮ್‌ನಲ್ಲಿ ಎರಡು ಸಾಲು ಸೇರಿಸಿದರೆ ಮುಗಿಯಿತು, ಯಾರೂ ಸೇರಿಸುವುದಿಲ್ಲ.

ಹೆಣ್ಣುಮಕ್ಕಳು ಎಂದೊಡನೆ ಇನ್ನೊಂದು ಮಾತು. ಕುಬಸದ ಕಾರ್ಯ, ತೊಟ್ಟಿಲ ಕಾರ್ಯ, ಮದುಮಗಳ ಅಲಂಕಾರದ ಕೋಣೆ, ಇವೆಲ್ಲ ಗಂಡು ಫೋಟೊಗ್ರಾಫರ್ ಹಿಂಜರಿಕೆಯಿಂದ ಬಾಗಿಲಲ್ಲಿ ನಿಲ್ಲುವ ಜಾಗಗಳು. ಮಹಿಳಾ ಫೋಟೊಗ್ರಾಫರ್ ಇದ್ದರೆ ಕರೆಯುತ್ತೇವೆ ಎಂದು ಮನೆಯವರೇ ಹೇಳುವುದನ್ನು ಕೇಳಿದ್ದೇನೆ. ಹೆಣ್ಣುಮಕ್ಕಳಿಗೆ ತರಬೇತಿ ಎಂದರೆ ಹೊಲಿಗೆ ಮತ್ತು ಬ್ಯೂಟಿ ಪಾರ್ಲರ್ ಎಂಬ ಎಣಿಕೆ ನಮ್ಮಲ್ಲಿ ಇನ್ನೂ ಬಿಟ್ಟಿಲ್ಲ. ವಿಜಯಪುರದಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಇದೆ, ಅಲ್ಲಿ ಪತ್ರಿಕೋದ್ಯಮ ವಿಭಾಗವಿದೆ. ಅಲ್ಲಿ ಕಲಿಯುವ ಹುಡುಗಿಯರಿಗೆ ಒಂದು ಸೀಸನ್ ಸ್ಟುಡಿಯೊಗಳ ಜೊತೆ ಕೆಲಸ ಮಾಡುವ ಏರ್ಪಾಡು ಆದರೆ ಎರಡೂ ಕಡೆಗೆ ಲಾಭ.

ಆಷಾಢದ ನಾಲ್ಕು ತಿಂಗಳು

ದೊಡ್ಡ ಕಾಲೇಜು ಕಟ್ಟಿ ಎಂದು ನಾನು ಕೇಳುತ್ತಿಲ್ಲ. ಅಪ್ರೆಂಟಿಸ್ ಕಾಯ್ದೆಯ 8ನೇ ಸೆಕ್ಷನ್‌ನಲ್ಲೇ ಒಂದು ದಾರಿ ಇದೆ. ಹಲವು ಉದ್ಯೋಗದಾತರು ತಾವೇ ಕೂಡಿ, ಅಥವಾ ಅಪ್ರೆಂಟಿಸ್‌ಷಿಪ್ ಸಲಹೆಗಾರರು ಒಪ್ಪಿದ ಒಂದು ಸಂಸ್ಥೆಯ ಮೂಲಕ, ಅಪ್ರೆಂಟಿಸ್‌ಗಳಿಗೆ ತರಬೇತಿ ಕೊಡಬಹುದು ಎಂದು ಅದು ಹೇಳುತ್ತದೆ. ನಮ್ಮಲ್ಲಿ ತಾಲ್ಲೂಕು ತಾಲ್ಲೂಕುಗಳಲ್ಲಿ ಫೋಟೊಗ್ರಾಫರ್‌ಗಳ ಸಂಘಗಳಿವೆ. ಆಗಸ್ಟ್ 19ರಂದು ವಿಶ್ವ ಛಾಯಾಗ್ರಹಣ ದಿನ ಮಾಡುತ್ತಾರೆ, ಹಿರಿಯರಿಗೆ ಶಾಲು ಹೊದಿಸುತ್ತಾರೆ, ಸದಸ್ಯ ತೀರಿಕೊಂಡರೆ ಮನೆಯವರಿಗೆ ವಂತಿಗೆ ಎತ್ತಿ ಕೊಡುತ್ತಾರೆ. ಅಷ್ಟು ಒಗ್ಗಟ್ಟು ಇರುವ ಸಂಘ ಹತ್ತು ಸ್ಟುಡಿಯೊಗಳ ಪರವಾಗಿ ಆ ಸಂಸ್ಥೆಯಾಗಿ ನಿಲ್ಲಬಹುದು. ನಾಲ್ಕು ಜನರ ಮಿತಿಯನ್ನು ಒಂದು ಅಂಗಡಿಗೆ ಬದಲು ಕೂಡಿದ ಹತ್ತು ಅಂಗಡಿಗಳಿಗೆ ಅನ್ವಯಿಸುವಂತೆ ನಿಯಮ ಸಡಿಲಿಸಬೇಕಾದದ್ದು ಸರ್ಕಾರ. ಭತ್ಯೆಯ ಒಂದು ಪಾಲನ್ನು ರಾಜ್ಯವೂ ಹೊತ್ತರೆ, ಕಲಿಸಿದ ಹಿರಿಯನಿಗೆ ಪ್ರತಿ ಹುಡುಗನ ಲೆಕ್ಕದಲ್ಲಿ ಗೌರವಧನ ಸಿಕ್ಕರೆ, ಮರ್ಮ ಮುಚ್ಚಿಡುವ ಒತ್ತಡ ತಾನಾಗಿ ಸಡಿಲಾಗುತ್ತದೆ. ಹುಡುಗ ಒಂದೇ ಅಂಗಡಿಯಲ್ಲಿ ಉಳಿಯದೆ ಮೂರು ತಿಂಗಳು ಲಗ್ನದವರ ಬಳಿ, ಮೂರು ತಿಂಗಳು ಇಳಕಲ್ಲಿನ ಸೀರೆ ಚಿತ್ರಿಸುವವರ ಬಳಿ, ಮೂರು ತಿಂಗಳು ಎಡಿಟಿಂಗ್ ಮೇಜಿನ ಬಳಿ ಇರಲಿ. ಬಣ್ಣವನ್ನು ತಿದ್ದುವವನ ಪಕ್ಕ ಕುಳಿತವನು ಮುಂದಿನ ಸಲ ತೆಗೆಯುವಾಗಲೇ ಎಚ್ಚರ ವಹಿಸುತ್ತಾನೆ.

ಪಾಠ ಹೇಳುವವರು ಯಾರು ಎಂಬ ಪ್ರಶ್ನೆಗೆ ಉತ್ತರ ನಮ್ಮ ಓಣಿಗಳಲ್ಲೇ ಇದೆ. ಅರವತ್ತು ದಾಟಿದ, ಅಂಗಡಿ ಮಗನಿಗೆ ಬಿಟ್ಟು ಕಟ್ಟೆಯ ಮೇಲೆ ಕುಳಿತ ಮಾಸ್ತರರಿಗೆ ಹೊಸ ಕ್ಯಾಮೆರಾದ ಮೆನು ಗೊತ್ತಿಲ್ಲದಿರಬಹುದು. ಬೆಳಕು ಗೊತ್ತಿದೆ. ಅವರಿಗೆ ಪದವಿ ಇಲ್ಲ ಎಂಬ ಕಾರಣಕ್ಕೆ ತರಬೇತಿ ಸಂಸ್ಥೆಗಳು ಅತಿಥಿಯಾಗಿ ಮಾತ್ರ ಕರೆಯುತ್ತವೆ. ಕಸುಬು ಬಲ್ಲವರನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಇರುವುದು ಇಂತಹವರಿಗಾಗಿಯೇ ಅಲ್ಲವೇ?

ಕಾಲವೂ ಇದೆ. ಆಷಾಢದಿಂದ ತುಳಸಿ ಲಗ್ನದವರೆಗೆ ಹೆಚ್ಚು ಕಡಿಮೆ ನಾಲ್ಕು ತಿಂಗಳು ಕಲ್ಯಾಣ ಮಂಟಪಗಳು ಖಾಲಿ, ಕ್ಯಾಮೆರಾಗಳು ಬ್ಯಾಗಿನಲ್ಲಿ, ಹುಡುಗರು ಬೇರೆ ಕೂಲಿ ಹುಡುಕುತ್ತಿರುತ್ತಾರೆ.

ಆಷಾಢದ ಒಂದು ಮಧ್ಯಾಹ್ನ ಆ ಹುಡುಗನನ್ನು ಅದೇ ಕಲ್ಯಾಣ ಮಂಟಪಕ್ಕೆ ಕರೆದುಕೊಂಡು ಹೋದೆ. ಮ್ಯಾನೇಜರ್ ವಿಷಯ ಕೇಳಿ ಒಂದು ಗಂಟೆ ದೀಪ ಹಾಕಿಕೊಟ್ಟರು. ವೇದಿಕೆಯ ಮೇಲೆ ಒಂದು ಕುರ್ಚಿ ಇಟ್ಟು ಸೈಲೆಂಟ್ ಶಟರ್‌ನಲ್ಲಿ 1/50, 1/60, 1/80, 1/100, 1/125, 1/250 ಎಂದು ಒಂದೊಂದೇ ವೇಗದಲ್ಲಿ ತೆಗೆಸಿದೆ. 1/60ಕ್ಕೆ ತೆಳುವಾದ ಪಟ್ಟೆ, 1/100ಕ್ಕೆ ಮಾಯ, 1/250ಕ್ಕೆ ಕಡುಗಪ್ಪು. ಆಮೇಲೆ ಮೆಕ್ಯಾನಿಕಲ್‌ಗೆ ತಿರುಗಿಸಿ ಮತ್ತೆ ಅಷ್ಟನ್ನೂ ತೆಗೆದ. ಹಿಂದಿನ ಎಲ್‌ಇಡಿ ಪರದೆ ಹಾಕಿದಾಗ ಲೆಕ್ಕ ಬದಲಾಯಿತು, ಅದರ ಮಿಣುಕು ಬೇರೆ. ಅದಕ್ಕೆ ಬೇರೆ ಪುಟ ತೆಗೆದು ಅಂಕಿಗಳನ್ನು ಬರೆದುಕೊಂಡ. ಹೊರಡುವ ಮುನ್ನ ಕುರ್ಚಿ ಹತ್ತಿ ಛಾವಣಿಯ ದೀಪದ ಮೇಲಿದ್ದ ಕಂಪನಿಯ ಹೆಸರನ್ನೂ ಓದಿಕೊಂಡ. ಊರಿನ ಇನ್ನೂ ಮೂರು ಹಾಲ್‌ಗಳಲ್ಲಿ ಅವೇ ದೀಪಗಳಿವೆಯಂತೆ.